ಕಣ್ಣಿಗೆ ಬಿದ್ದದ್ದು

ಕೆಟ್ಟು ನಿಂತ ಲಿಫ್ಟುಗಳನ್ನು ಸರಿಮಾಡುವ ಆ ಮೆಕ್ಯಾನಿಕ್ಕನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ. ಇದ್ದದ್ದು ಒಂದೇ ಹುಚ್ಚು, ಕೊಳದ ನೀರು. ಬಸ್ ನಿಲ್ದಾಣದ ಹಿಂದಿನ ಪಾರ್ಕಿನಲ್ಲಿ ಬಾತುಕೋಳಿಗಳೂ ಮೂಸಿ ನೋಡದ ಒಂದು ಹಸಿರು ಕೊಳವಿತ್ತು. ಕೆಲಸ ಮುಗಿಸಿ ಬರುವಾಗ ಅಲ್ಲಿಂದ ಜಾಮ್ ಬಾಟಲಿಯಲ್ಲಿ ನೀರು ತುಂಬಿಸಿಕೊಂಡು ಬರುತ್ತಿದ್ದ. ಅದರ ಒಂದು ಹನಿಯನ್ನು ಸ್ಲೈಡಿನ ಮೇಲೆ ಬಿಟ್ಟು, ತೆಳುಗಾಜು ಮುಚ್ಚಿ, ಮೈಕ್ರೋಸ್ಕೋಪಿಗೆ ಬಲಗಣ್ಣು ಅಂಟಿಸಿ ಕೂತನೆಂದರೆ ಪಕ್ಕದಲ್ಲಿ ಹಾಲು ಉಕ್ಕಿದರೂ ಗೊತ್ತಾಗುತ್ತಿರಲಿಲ್ಲ. ಚಪ್ಪಲಿಯ ಆಕಾರದ ಪ್ಯಾರಮೀಸಿಯಂಗಳು ಬಸ್ಸು ತಪ್ಪಿದವರಂತೆ ದಡಬಡ ಓಡುವುದು, ರೋಟಿಫರ್‌ಗಳು ತಲೆಯ ಮೇಲೆ ಚಕ್ರ ತಿರುಗಿಸುತ್ತ ಊಟ ಎಳೆದುಕೊಳ್ಳುವುದು, ಇದೇ ಅವನ ಸಿನಿಮಾ. ಚೆನ್ನಾಗಿರುವುದು ಕಂಡರೆ ಕ್ಲಾಂಪು ಹಾಕಿ ಮೊಬೈಲನ್ನು ಕಣ್ಣಿಡುವ ಐಪೀಸಿನ ಮೇಲೆ ಕೂರಿಸಿ, ವೀಡಿಯೋ ತೆಗೆದು, ತನ್ನಂಥದೇ ಹುಚ್ಚಿನವರ ಗುಂಪೊಂದಕ್ಕೆ ಕಳಿಸುತ್ತಿದ್ದ.

ಜೊತೆ ಕೆಲಸದವರು 'ಕೊಳದ ಸಾಹೇಬ್ರು' ಎಂದು ಕಾಲೆಳೆದರೆ ಅವನಿಗೆ ಬೇಸರವಿರಲಿಲ್ಲ. ಬೇಸರವಿದ್ದದ್ದು ಹೆಂಡತಿಯ ಮೇಲೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಅವಳು ಬಗ್ಗಿ ಆ ಕೊಳವೆಯೊಳಗೆ ನೋಡಿರಲಿಲ್ಲ. ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಬಟ್ಟೆಗಳ ಕಲೆ ಹುಡುಕುವುದು ಅವಳ ಕೆಲಸ. "ಬೆಳಗಿಂದ ಊರವರ ಕೊಳೆ ನೋಡಿ ಬಂದಿರ್ತೀನಿ. ಮನೇಲೂ ಕೊಳೆ ನೋಡ್ಬೇಕಾ?" ಎಂದು ಮೂಗು ಮುರಿಯುತ್ತಿದ್ದಳು. ತಾನು ಕಂಡದ್ದನ್ನು ಅವಳೂ ಕಂಡು ಒಂದು ಸಲ 'ಹೌದಲ್ರೀ' ಅನ್ನಬೇಕು. ಅವನಿಗೆ ಬೇಕಾದದ್ದು ಅಷ್ಟೇ.

ಒಂದು ಭಾನುವಾರ ಮಧ್ಯಾಹ್ನ ಹನಿಯೊಳಗೆ ಹೊಸದೊಂದು ಕಾಣಿಸಿತು. ಬೂದು ಬಣ್ಣ, ಗಂಟು ಬಿದ್ದ ದಾರದಂಥ ಮೈ, ಅದರುದ್ದಕ್ಕೂ ಚಿಕ್ಕ ಚಿಕ್ಕ ಉಂಗುರಗಳು. ನೇರ ನೋಡಹೋದರೆ ಜಾರಿಕೊಳ್ಳುವುದು, ಸುಮ್ಮನಿದ್ದರೆ ಮೆಲ್ಲಗೆ ತೇಲಿ ವಾಪಸ್ಸು ಬರುವುದು. ಅವನ ಬಳಿಯಿದ್ದ ಯಾವ ಚಿತ್ರದಲ್ಲೂ ಅಂಥದ್ದಿರಲಿಲ್ಲ.

"ಬಾರೇ ಇಲ್ಲಿ, ಬೇಗ! ಏನೋ ಕಣ್ಣಿಗೆ ಬಿತ್ತು!"

ಹೆಂಡತಿ ಪಾತ್ರೆ ತೊಳೆಯುತ್ತಿದ್ದವಳು ಹಾಗೇ ಓಡಿಬಂದಳು. ಬಂದವಳೇ ಅವನ ಗಲ್ಲ ಹಿಡಿದೆತ್ತಿ, ಸೋಪಿನ ಕೈಯಲ್ಲೇ ರೆಪ್ಪೆ ಬಿಡಿಸಿ, ಉಫ್ ಎಂದು ಊದಿಬಿಟ್ಟಳು.

"ಅಯ್ಯೋ, ಉರಿ! ಕಣ್ಣಿಗೆ ಬಿತ್ತು ಅಂದ್ರೆ ಕಾಣಿಸ್ತು ಅಂತ ಕಣೇ! ಕಣ್ಣೊಳಗೆ ಬಿತ್ತು ಅಂತಲ್ಲ!"

"ಹಾಗಂತ ಕನ್ನಡದಲ್ಲಿ ಹೇಳ್ಬೇಕಪ್ಪ," ಎಂದು ಅವಳು ಮತ್ತೆ ಪಾತ್ರೆಗೆ ಹೋದಳು.

ಕಣ್ಣು ಒರೆಸಿಕೊಂಡು ನೋಡಿದ. ಅದು ಅಲ್ಲೇ ಇತ್ತು. ಮೊಬೈಲು ಕೂರಿಸಿದ. ಪರದೆಯಲ್ಲಿ ಪ್ಯಾರಮೀಸಿಯಂ ಇದ್ದವು, ಪಾಚಿಯ ಎಳೆ ಇತ್ತು, ಈ ಪುಣ್ಯಾತ್ಮ ಮಾತ್ರ ಇಲ್ಲ. ಮೊಬೈಲು ತೆಗೆದರೆ ಇದೆ, ಇಟ್ಟರೆ ಇಲ್ಲ. ಸಾಯಂಕಾಲದವರೆಗೆ ಇದೇ ಕಣ್ಣಾಮುಚ್ಚಾಲೆ. ಕೊನೆಗೆ, ಫೋಟೋ ಅಂದರೆ ಓಡಿಹೋಗುವ ತನ್ನ ಅತ್ತೆಯ ಹಾಗೆ ಈ ಜೀವಿಗೂ ನಾಚಿಕೆಯಿರಬಹುದು ಎಂದು ಸಮಾಧಾನ ಮಾಡಿಕೊಂಡ. ಗುಂಪಿಗೆ ಬರೆದು ತಿಳಿಸಿದರೆ ಅಲ್ಲಿನ ಹಿರಿಯನೊಬ್ಬ, "ವೀಡಿಯೋ ಇದ್ರೆ ಜೀವಿ, ಇಲ್ದಿದ್ರೆ ಕತೆ," ಎಂದು ಮಂಗಳ ಹಾಡಿದ. ಮೆಕ್ಯಾನಿಕ್ಕನ ಮುಖ ಹುಳ್ಳಗಾಯಿತು. ತನ್ನ ಕಣ್ಣನ್ನು ನಂಬಬೇಕೋ ಮೊಬೈಲನ್ನು ನಂಬಬೇಕೋ ತಿಳಿಯದಾಯಿತು.

ಯಂತ್ರ ರಿಪೇರಿಯ ಮನುಷ್ಯನಲ್ಲವೇ, ಒಂದೊಂದಾಗಿ ಪರೀಕ್ಷೆಗೆ ಇಳಿದ. ಸ್ಲೈಡು ತಿರುಗಿಸಿದ. ಉಳಿದವೆಲ್ಲ ಜೊತೆಗೇ ತಿರುಗಿದವು, ಇದು ತಿರುಗಲಿಲ್ಲ. ಹಾಗಾದರೆ ಐಪೀಸಿನ ಗಾಜಿನ ಮೇಲಿನ ಧೂಳೇ? ಗಾಜು ಒರೆಸಿ, ಐಪೀಸನ್ನೂ ತಿರುಗಿಸಿದ. ಅದಕ್ಕೂ ಜಗ್ಗಲಿಲ್ಲ. ಬೇರೆ ಕೊಳದ ನೀರು ತಂದ, ಅದರಲ್ಲೂ ಇತ್ತು. ನಲ್ಲಿ ನೀರಿನ ಹನಿ ಹಾಕಿದ, ಅದರಲ್ಲೂ! "ನಲ್ಲಿ ನೀರು ಯಾರೂ ಮುಟ್ಟಬೇಡಿ," ಎಂದು ಮನೆಯಲ್ಲಿ ಸಾರಿ, ನೀರು ಕುದಿಸಿ ಅದರ ಹನಿಯನ್ನೂ ನೋಡಿದ. ಕುದಿದ ನೀರಿನಲ್ಲೂ ಅದು ಆರಾಮಾಗಿ ತೇಲುತ್ತಿತ್ತು. ಸುದ್ದಿ ಫೋನಿನಲ್ಲಿ ಹೆಂಡತಿಯ ತಂಗಿಗೆ ಮುಟ್ಟಿತು.

"ಕುದಿಸಿದ್ರೂ ಸಾಯಲ್ವಾ ಭಾವ? ಹಾಗಾದ್ರೆ ನಮ್ಮ ಯಜಮಾನ್ರ ದೊಡ್ಡಮ್ಮನ ಕಡೆಯದೇ ಇರ್ಬೇಕು," ಎಂದು ಅವಳು ನಕ್ಕಳು.

ಅವನಿಗೆ ನಗು ಬರಲಿಲ್ಲ. ಒಮ್ಮೆ ಬಿಲ್ಲಿನ ಬಿಳಿ ಹಾಳೆಯ ಮೇಲೂ ಅದು ಸುಳಿದು ಹೋದ ಹಾಗೆ ಅನ್ನಿಸಿತು. ಮನಸ್ಸೆಲ್ಲ ಅದರ ಮೇಲೇ ಇರುವಾಗ ಹಾಳೆಯಲ್ಲೇನು, ಸಾರಿನಲ್ಲೂ ಕಾಣುತ್ತದೆ ಎಂದುಕೊಂಡು ಸಹಿ ಹಾಕಿದ.

ಅಷ್ಟರಲ್ಲಿ ಇನ್ನೊಂದು ತಲೆನೋವು ಶುರುವಾಯಿತು. ನೋಡುತ್ತಿರುವಾಗ ಅಂಚಿನಲ್ಲಿ ಫಳಕ್ಕೆಂದು ಬೆಳಕು ಮಿಂಚುವುದು. ದೀಪದ ವೈರು ಸಡಿಲವಾಗಿದೆಯೆಂದು ಮೈಕ್ರೋಸ್ಕೋಪಿನ ತಳ ಬಿಚ್ಚಿ ಬಿಗಿಮಾಡಿದ, ಬಲ್ಬೂ ಬದಲಿಸಿದ. ಮಿಂಚು ನಿಲ್ಲಲಿಲ್ಲ. ಒಂದು ದಿನ ದೊಡ್ಡ ಕಟ್ಟಡವೊಂದರಲ್ಲಿ ಲಿಫ್ಟು ಇಳಿಯುವ ಕತ್ತಲ ಬಾವಿಯೊಳಗೆ ನಿಂತಿದ್ದಾಗ ಬಲಕ್ಕೆ ಅದೇ ಮಿಂಚು! ವೈರು ಕಿಡಿ ಹಾರಿಸುತ್ತಿದೆಯೆಂದು ಮೆಯಿನ್ ಸ್ವಿಚ್ಚೇ ಆರಿಸಿಬಿಟ್ಟ. ಕಟ್ಟಡದವರೆಲ್ಲ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದರು. ಎಳೆದೆಳೆದು ನೋಡಿದರೂ ವೈರುಗಳೆಲ್ಲ ಗಟ್ಟಿಮುಟ್ಟಾಗಿದ್ದವು.

"ಏನ್ರೀ, ಕೊಳ ನೋಡಿ ನೋಡಿ ತಲೆ ಕೊಳೀತಾ?" ಎಂದು ಸೂಪರ್‌ವೈಸರ್ ಎಲ್ಲರ ಮುಂದೆ ಉಗಿದ.

ಮನೆಗೆ ಬಂದವನೇ ಮೈಕ್ರೋಸ್ಕೋಪಿನ ಮುಂದೆ ಸುಮ್ಮನೆ ಕೂತ. ದೀಪವನ್ನೂ ಹಾಕಲಿಲ್ಲ. ಅವನಿಗೆ ಭಯವಾಗಿತ್ತು. ಇಲ್ಲದ್ದು ಕಾಣುವುದಕ್ಕೆ ಒಂದು ಹೆಸರಿದೆ, ಆ ಹೆಸರನ್ನು ತನಗೇ ಹೇಳಿಕೊಳ್ಳಲು ಧೈರ್ಯ ಸಾಲಲಿಲ್ಲ.

"ನನಗೆ ತಲೆ ಕೆಟ್ಟಿದೆಯೋ ಏನೋ ಕಣೇ," ಎಂದ. "ಒಂದೇ ಒಂದು ಸಲ ನೋಡಿ ಹೇಳು. ಇದೆಯೋ ಇಲ್ವೋ."

ದನಿ ಕೇಳಿ ಹೆಂಡತಿ ಕೈ ಒರೆಸಿಕೊಂಡು ಬಂದಳು. ಅವನು ಕೊಳದ ನೀರಿನ ಹನಿಯಿಟ್ಟು ದೀಪ ಹಾಕಿದ. ಅವಳು ಕೂದಲು ಹಿಂದೆ ಸರಿಸಿ, ಬಗ್ಗಿ, ಬಹಳ ಹೊತ್ತು ನೋಡಿದಳು.

"ಅಯ್ಯೋ ಶಿವನೇ! ಇದ್ಯಾವುದ್ರೀ ತಲೆ ಮೇಲೆ ಚಕ್ರ ತಿರುಗಿಸ್ತಿದೆ!"

"ಅದು ರೋಟಿಫರ್. ಅದಲ್ಲ, ದಾರದ ಥರದ್ದು?"

"ದಾರ ಗೀರ ಏನೂ ಇಲ್ಲ."

ಅವನು ಬಗ್ಗಿ ನೋಡಿದ. ಇತ್ತು. ಅವಳು ನೋಡಿದಳು. ಇಲ್ಲ. ಅವಳು ಎರಡೂ ಕೈ ಸೊಂಟದ ಮೇಲಿಟ್ಟು ಯೋಚಿಸಿದಳು.

"ಅಂಗಡೀಲಿ ಕಲೆ ಮೇಲೆ ಅನುಮಾನ ಬಂದ್ರೆ ಬಟ್ಟೆ ತಿರುಗಿಸ್ತೀವಿ. ಕಲೆ ತಿರುಗ್ಲಿಲ್ಲ ಅಂದ್ರೆ ಅದು ಬಟ್ಟೇದಲ್ಲ, ಮೇಲೆ ಹಿಡಿದಿರೋ ಭೂತಗಾಜಿಂದು."

"ಅದೆಲ್ಲ ಆಯ್ತು. ಸ್ಲೈಡೂ ತಿರುಗಿಸ್ದೆ, ಗಾಜೂ ತಿರುಗಿಸ್ದೆ."

"ಮತ್ತೆ ತಿರುಗಿಸದೆ ಉಳಿದದ್ದು?"

ಅವನು ಮೈಕ್ರೋಸ್ಕೋಪನ್ನು ಬುಡದಿಂದ ತುದಿಯವರೆಗೆ ನೋಡಿದ. ಏನೂ ಉಳಿದಿರಲಿಲ್ಲ. ಆಗ ಅವಳು ಅವನ ಭುಜ ಹಿಡಿದು, ಕುರ್ಚಿಯ ಮೇಲಿದ್ದ ಹಾಗೇ, ಫ್ರಿಜ್ಜಿನ ಪಕ್ಕದ ಬಿಳಿ ಗೋಡೆಯ ಕಡೆಗೆ ತಿರುಗಿಸಿದಳು.

"ಎಡಗಣ್ಣು ಮುಚ್ಕೊಳ್ಳಿ. ಈಗ ನೋಡಿ."

ಗೋಡೆಯ ಮೇಲೆ, ನೀರಿಲ್ಲದೆ, ಗಾಜಿಲ್ಲದೆ, ಅದು ತೇಲುತ್ತಿತ್ತು. ಅದೇ ಗಂಟು, ಅದೇ ಉಂಗುರಗಳು.

"ಇದೆ," ಎಂದ. ಆಮೇಲೆ, "ಆ ಕೆಳಗಿನ ಮೂಲೆ ಯಾಕೆ ಕಪ್ಪಗಾಗಿದೆ? ನೀರು ಸೋರಿದೆಯಾ?"

"ಯಾವ ಮೂಲೆ?"

"ಅಲ್ಲೇ, ಕೆಳಗೆ. ಪರದೆ ಬಿಟ್ಟ ಹಾಗೆ."

ಗೋಡೆ ಹಾಲಿನಂತೆ ಬೆಳ್ಳಗಿತ್ತು. ಅವಳು ಒಲೆ ಆರಿಸಿ, ಚಪ್ಪಲಿ ಮೆಟ್ಟಿ, ಅವನ ರಟ್ಟೆ ಹಿಡಿದು ಹೊರಟೇಬಿಟ್ಟಳು.

ಕಣ್ಣಾಸ್ಪತ್ರೆಯ ಡಾಕ್ಟರಮ್ಮ ಅವನ ಕಣ್ಣಿಗೆ ಹನಿ ಬಿಟ್ಟು, ಬೆಳಕು ಹಾಯಿಸಿ, ಅವನು ಕೊಳ ನೋಡುವಷ್ಟೇ ಶ್ರದ್ಧೆಯಿಂದ ಬಗ್ಗಿ ನೋಡಿದಳು. ಕಣ್ಣಿನ ಒಳಪರದೆ ಹರಿದಿದೆ, ಗೋಡೆಯಿಂದ ಕಿತ್ತು ಬರುತ್ತಿದೆ, ತಕ್ಷಣ ಆಪರೇಷನ್ ಆಗಬೇಕು ಎಂದಳು. ಮಿಂಚಿದ್ದು ವೈರಲ್ಲ, ಆ ಪರದೆ ಜಗ್ಗುತ್ತಿದ್ದದ್ದು. ಇನ್ನೂ ತಡಮಾಡಿದ್ದರೆ ಬಲಗಣ್ಣಿನ ಆಸೆ ಬಿಡಬೇಕಾಗಿತ್ತು.

"ಹಾಗಾದ್ರೆ ಅದು ಜೀವಿ ಅಲ್ವಾ ಡಾಕ್ಟ್ರೇ?"

"ಅಲ್ಲಪ್ಪ. ಕಣ್ಣೊಳಗಿನ ಲೋಳೆಯ ಎಳೆ. ಅದರ ನೆರಳು ನಿಮಗೆ ಕಾಣ್ತಿತ್ತು."

ಕಣ್ಣು ಹೋಗುವ ಹೊತ್ತಿನಲ್ಲೂ ಆ ಪೆದ್ದನಿಗೆ ಮೊದಲು ದುಃಖವಾದದ್ದು ಜೀವಿ ಸುಳ್ಳಾಯಿತಲ್ಲ ಎಂದು. ಹೆದರಿಕೆ ಆಮೇಲೆ ಬಂತು, ಬಂದದ್ದು ಹೋಗಲಿಲ್ಲ.

ಆಪರೇಷನ್ ಆಯಿತು. ಪರದೆ ಅಂಟಿಕೊಳ್ಳಲೆಂದು ಕಣ್ಣೊಳಗೆ ಗಾಳಿಯ ಗುಳ್ಳೆ ಬಿಟ್ಟು, ಮುಖ ಕೆಳಗೆ ಮಾಡಿ ಮಲಗಿರಬೇಕೆಂದು ಕಟ್ಟಪ್ಪಣೆ ಮಾಡಿ ಮನೆಗೆ ಕಳಿಸಿದರು. ದೃಷ್ಟಿ ಎಷ್ಟು ವಾಪಸ್ಸು ಬರುತ್ತದೆಂದು ಈಗಲೇ ಹೇಳಲಾಗದು ಎಂದರು. ಬಲಗಣ್ಣಿಗೆ ಕಾಣುತ್ತಿದ್ದದ್ದು ಕಪ್ಪು ಅಂಚಿನ ಒಂದು ದುಂಡು ಗುಳ್ಳೆ ಮಾತ್ರ, ತೆಳುಗಾಜು ಸರಿಯಾಗಿ ಮುಚ್ಚದಿದ್ದಾಗ ಹನಿಯಲ್ಲಿ ಉಳಿಯುತ್ತದಲ್ಲ, ಅಂಥದ್ದು.

"ಡಾಕ್ಟರಮ್ಮನಿಗೆ ಸ್ಲೈಡ್ ಮಾಡೋಕೆ ಬರಲ್ಲ ಕಣೇ," ಎಂದು ದಿಂಬಿನೊಳಗಿಂದ ಹೇಳಿದ. ಹೆಂಡತಿ ನಕ್ಕಳು. ಅವನೂ ನಗಲು ಹೋದ, ಆಗಲಿಲ್ಲ.

ಮಾರನೆಯ ಸಂಜೆ ಅವಳು ಕೆಲಸದಿಂದ ತಡವಾಗಿ ಬಂದಳು. ಮೇಜಿನ ಮೇಲೆ ಬಾಟಲಿ ಇಟ್ಟ ಸದ್ದು ಕೇಳಿಸಿತು, ಆಮೇಲೆ ಸ್ಲೈಡುಗಳ ಕಿಣಿಕಿಣಿ. ಕೊಳದ ವಾಸನೆ ಕೋಣೆ ತುಂಬಿತು. ಆಮೇಲೆ ಅವಳು ಚೀರಿದಳು.

"ರೀ! ಏನೋ ಕಣ್ಣಿಗೆ ಬಿತ್ತು!"

ಅವನು ತಲೆ ಎತ್ತುವಂತಿಲ್ಲ. ಅವಳ ಕಣ್ಣಿಗೂ ಬಂತೇ ಎಂದು ಹಾಸಿಗೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಒಳಗೋ, ಹೊರಗೋ?"

"ಅದ್ಹೇಗೆ ಗೊತ್ತಾಗುತ್ತೆ?"

"ಸ್ಲೈಡು ತಿರುಗಿಸೇ!"

ಗಾಜು ಮೆಲ್ಲಗೆ ಕಿರ್ರೆಂದಿತು. ಅವನು ಉಸಿರು ಹಿಡಿದು ಕಾದ.

"ತಿರುಗ್ತು," ಎಂದಳು ಹೆಂಡತಿ. "ಜೊತೇಲೇ ತಿರುಗ್ತು ಕಣ್ರೀ. ಹೊರಗೇ ಇದೆ."

ಅವನು ದಿಂಬಿಗೆ ಮುಖ ಒತ್ತಿ ಅತ್ತುಬಿಟ್ಟ. ಅವಳು ಐಪೀಸಿನಿಂದ ಕಣ್ಣು ತೆಗೆಯದೆ, ಮೊಬೈಲಿನ ಕ್ಲಾಂಪು ಎಲ್ಲಿಟ್ಟಿದ್ದೀರಿ ಎಂದು ಕೇಳಿದಳು.