ಅರ್ಧ ಉಳಿದ ಗುಡ್ಡ

ನಾನು ಜರ್ಮನಿಯ ಹೊಲಗಳ ನಡುವಿನ ಒಂದು ಸಣ್ಣ ಗುಡ್ಡ. ಭೂಮಿಯೊಳಗಿನ ಬೆಂಕಿ ಮೇಲಕ್ಕುಕ್ಕಿ, ತಣಿದು ಕರಿಗಲ್ಲಾದಾಗ ಹುಟ್ಟಿದೆ. ಬಹುಕಾಲ ನನಗೆ ಮರಗಳದ್ದೇ ಜೊತೆ. ಆಮೇಲೆ ಪೂರ್ವದ ಬುಡದಲ್ಲಿ ಎರ್ಲನ್‌ರೋಡ, ಪಶ್ಚಿಮದಲ್ಲಿ ಹೊಲ್ಸಾವ್ ಎಂಬ ಹಳ್ಳಿಗಳು ಬಂದವು. ಎರ್ಲನ್‌ರೋಡದವರು ನನ್ನ ಒರತೆಯ ನೀರು ಕುಡಿದರು. ಹೊಲ್ಸಾವ್‌ನವರಿಗೆ ನನ್ನ ಕಲ್ಲೇ ಬೇಕಾಯಿತು. ಎರಡನೇ ಮಹಾಯುದ್ಧ ಮುಗಿದು ಹೊಸ ರಸ್ತೆಗಳನ್ನು ಹಾಕುತ್ತಿದ್ದ ಕಾಲ; ಆ ಕಡೆ ಕ್ವಾರಿ ತೆರೆಯಿತು.

ಕ್ವಾರಿಯಲ್ಲಿ ಮದ್ದು ಸಿಡಿಸುತ್ತಿದ್ದವನು ಹೊಲ್ಸಾವ್‌ನ ಕೊನ್ರಾಡ್. ಅವನ ಅಕ್ಕ ಹೆಡ್ವಿಗ್ ಎರ್ಲನ್‌ರೋಡದಲ್ಲಿ ಒಂಬತ್ತು ಹಸು ಸಾಕಿದ್ದಳು. ಭಾನುವಾರ ಅವನು ನನ್ನನ್ನು ಹತ್ತಿಳಿದು ಅಕ್ಕನ ಮನೆಗೆ ಊಟಕ್ಕೆ ಹೋಗುತ್ತಿದ್ದ.

ಒಮ್ಮೆ ಮಾತ್ರ ಬುಧವಾರ ಬಂದ. ಅವಳು ಒರತೆಯ ಬಳಿ ಹಾಲಿನ ಕ್ಯಾನು ತೊಳೆಯುತ್ತಿದ್ದಳು.

"ಅಕ್ಕಾ, ನಾಳೆ ಈ ಕಡೆ ಸಿಡಿಸ್ಬೇಕಂತೆ. ಒರತೆ ಉಳಿಯೋದು ಕಷ್ಟ."

"ಸಿಡಿಸೋನು ನೀನೇ ತಾನೆ? ಆಗಲ್ಲ ಅನ್ನು."

"ಅಂದ್ರೆ ಕೆಲಸ ಹೋಗುತ್ತೆ. ಬೇರೆಯವನು ಬಂದು ಸಿಡಿಸ್ತಾನೆ."

"ಹಾಗಾದ್ರೆ ಬೇರೆಯವನೇ ಸಿಡಿಸಲಿ."

ಅವನು ನನ್ನನ್ನು ಹತ್ತಿ ವಾಪಸ್ ಹೊರಟ. ಮರುದಿನ ಕುಳಿಗಳಿಗೆ ಮದ್ದು ತುಂಬಿದ ಕೈ ಅವನದೇ. ಮದ್ದು ಸಿಡಿಯಿತು. ನನ್ನೊಳಗೆ ಏನೋ ಬಿರುಕು ಬಿಟ್ಟಿತು. ಮೂರು ದಿನ ಒರತೆ ಕೆಸರು ಕಾರಿತು. ಆಮೇಲೆ ಹನಿಯೂ ಬರಲಿಲ್ಲ. ಹಸುಗಳು ಬಂದು ಬರಿಯ ಕಲ್ಲು ನೆಕ್ಕಿದವು. ಅವಕ್ಕೆ ಕೊಡಲು ನನ್ನಲ್ಲಿ ನೀರಿರಲಿಲ್ಲ.

ಸರಕಾರದ ನಲ್ಲಿ ಬರುವವರೆಗೆ, ಎರಡು ವರ್ಷ, ಕೊನ್ರಾಡ್ ದಿನಾ ಬೆಳಿಗ್ಗೆ ಟ್ರ್ಯಾಕ್ಟರಿನಲ್ಲಿ ನೀರಿನ ತೊಟ್ಟಿ ಎಳೆದುಕೊಂಡು ನನ್ನ ಮೇಲಿನ ದಾರಿಯಲ್ಲಿ ಹೋಗುತ್ತಿದ್ದ. ಹೆಡ್ವಿಗ್ ಬೇಲಿಗೆ ಬಂದು ತೊಟ್ಟಿಯ ನೀರು ಇಳಿಸಿಕೊಳ್ಳುತ್ತಿದ್ದಳು. ಮಾತಿಲ್ಲ. ಭಾನುವಾರದ ಊಟವೂ ನಿಂತುಹೋಯಿತು.

ಕ್ವಾರಿ ಮುಚ್ಚಿ ಈಗ ಬಹಳ ವರ್ಷಗಳಾದವು. ಪಶ್ಚಿಮದಿಂದ ನೋಡಿದವರಿಗೆ ನಾನು ಗುಡ್ಡವಲ್ಲ, ಹೊಂಡ. ಕಳೆದ ಶರತ್ಕಾಲದಲ್ಲಿ ಕೊನ್ರಾಡ್ ಊರುಗೋಲು ಹಿಡಿದು ಮೇಲೆ ಬಂದು, ಅಂಚಿನ ಬೆಂಚಿನಲ್ಲಿ ಕೂತ. ಸ್ವಲ್ಪ ಹೊತ್ತಿಗೆ ಹೆಡ್ವಿಗ್ ಇನ್ನೊಂದು ಕಡೆಯಿಂದ ಹತ್ತಿ ಬಂದಳು. ಅವನನ್ನು ಕಂಡು ನಿಂತಳು. ಆಮೇಲೆ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

"ಅವತ್ತು ನೀನು ಬಂದು ಹೇಳದೇ ಇದ್ದಿದ್ರೆ, ಒರತೆ ಬತ್ತುತ್ತೆ ಅಂತ ನಿನಗೆ ಗೊತ್ತಿರ್ಲಿಲ್ಲ ಅಂದ್ಕೋತಿದ್ದೆ," ಅಂದಳು.

"ಹೇಳದೇ ಇರೋಕೆ ಆಗ್ಲಿಲ್ಲ ಅಕ್ಕಾ."

"ಸಿಡಿಸದೇ ಇರೋಕೂ ಆಗ್ಲಿಲ್ಲ."

"ಇಲ್ಲ."

ಅವನು ಕಡಿದದ್ದು ನನ್ನನ್ನೇ; ಆದರೂ ಸಿಟ್ಟು ನನ್ನಲ್ಲಿ ಉಳಿದಿಲ್ಲ. ಅವಳ ಸಿಟ್ಟೂ ಇಳಿಯಲಿ ಎಂದು ಬಯಸುವ ಹಕ್ಕು ನನಗಿದೆಯೋ ಇಲ್ಲವೋ.

ಎರ್ಲನ್‌ರೋಡದ ಕಡೆಗೆ ಇಬ್ಬರೂ ಇಳಿಯುವಾಗ ಅವನು ಕೈ ಚಾಚಿದ. ಅವಳು ಹಿಡಿಯಲಿಲ್ಲ. ಆದರೆ ಕಡಿದಾದ ತಿರುವಿನಲ್ಲಿ, ಅವನು ನಿಧಾನವಾಗಿ ಇಳಿದು ಬರುವವರೆಗೂ ನಿಂತು ಕಾದಳು.