ಗೋಡೆ ಪಕ್ಕದ ಗೂಟ

ಸಿಂಧನೂರಿನಿಂದ ಲಿಂಗಸುಗೂರಿಗೆ, ಲಿಂಗಸುಗೂರಿನಿಂದ ಸಿಂಧನೂರಿಗೆ ದಿನವಿಡೀ ನಿಂತುಕೊಂಡೇ ಟಿಕೆಟ್ ಕೊಡುವ ಹೆಂಗಸಿಗೆ ಮನೆಗೆ ಬಂದ ಮೇಲೆ ಹೆಚ್ಚೇನೂ ಬೇಕಾಗುವುದಿಲ್ಲ. ಒಂದು ಬಕೆಟ್ ಬಿಸಿನೀರು, ಯಾರೂ ಮಾತಾಡಿಸದ ಒಂದು ಮೂಲೆ ಸಾಕು. ನಾನು ಕಂಡಕ್ಟರ್ ಗಂಗಾ. ಮಸ್ಕಿಯಲ್ಲಿ ಬಾಡಿಗೆ ಮನೆ, ಒಬ್ಬಳೇ ಇರುತ್ತೇನೆ. ಚಿಲ್ಲರೆಗೆ, ಸೀಟಿಗೆ, ಕಿಟಕಿಗೆ ಎಂದು ಬಸ್ಸಿನಲ್ಲಿ ಜಗಳ ಬಿಡಿಸಿ ಬಿಡಿಸಿ ನ್ಯಾಯ ಹೇಳುವ ಶಕ್ತಿಯೆಲ್ಲ ಅಲ್ಲೇ ಖಾಲಿಯಾಗಿರುತ್ತದೆ. ಮನೆಯ ಹತ್ತಿರವೂ ಇನ್ನೊಂದು ನ್ಯಾಯ ಕಾದು ಕುಳಿತಿದ್ದರೆ ಸಿಟ್ಟು ಬರದೆ ಇನ್ನೇನು?

ಕಾದು ಕುಳಿತಿದ್ದದ್ದು ಒಂದು ನಾಯಿ.

ಪಕ್ಕದ ಮನೆ ಯಮನೂರಮ್ಮ ದೊಡ್ಡಮ್ಮನದು. ಅವಳ ಅಂಗಳದಲ್ಲಿ, ನಮ್ಮಿಬ್ಬರ ನಡುವಿನ ಮೋಟುಗೋಡೆಯ ಪಕ್ಕದಲ್ಲೇ ಒಂದು ಕಬ್ಬಿಣದ ಗೂಟ. ಗೂಟಕ್ಕೆ ಸರಪಳಿ, ಸರಪಳಿಗೆ ಮೈಲಾರಿ. ಕುರಿ ಕಾಯುತ್ತಿದ್ದ ಕರಿ ನಾಯಿ. ದೊಡ್ಡಮ್ಮನ ಗಂಡ ಹೊನ್ನೂರಪ್ಪ ಬದುಕಿದ್ದಾಗ ಈ ನಾಯಿ ಹಿಂಡಿನ ಮುಂದೆ ನಡೆದು ಬರುತ್ತಿದ್ದ ಠೀವಿ ನೋಡಿದರೆ ಕುರಿಗಳೆಲ್ಲ ಇದರದ್ದೇ ಸ್ವಂತ ಎನ್ನಬೇಕು. ಭತ್ತದ ಕೊಯ್ಲಾದ ಮೇಲೆ ಬಳಗಾನೂರಿನ ಗದ್ದೆಯೊಂದರಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ ರಾತ್ರಿ ಅಲ್ಲೇ ಮಲಗಿದ್ದಾಗ ಹೊನ್ನೂರಪ್ಪ ತೀರಿಕೊಂಡ. ಕುರಿಗಳನ್ನು ಮಾರಿದರು. ನಾಯಿ ಉಳಿಯಿತು.

ಉಳಿಯಿತು ಅನ್ನುವುದು ಬಾಯಿಮಾತಿಗೆ ಅಷ್ಟೇ. ಪಕ್ಕೆಲುಬುಗಳನ್ನು ಗೋಡೆಯ ಈಚೆಯಿಂದಲೇ ಎಣಿಸಬಹುದಿತ್ತು. ಕುತ್ತಿಗೆಯಲ್ಲಿ ಸರಪಳಿ ಉಜ್ಜಿ ಗಾಯ, ಗಾಯಕ್ಕೆ ನೊಣ. ದೊಡ್ಡಮ್ಮ ಯಾವಾಗಲೋ ಒಮ್ಮೆ ಗಂಜಿಯ ಬೋಗುಣಿಯನ್ನು ಕೋಲಿನಿಂದ ದೂರದಿಂದಲೇ ತಳ್ಳುತ್ತಿದ್ದಳು, ಅದೂ ಮುಖ ಬೇರೆ ಕಡೆ ತಿರುಗಿಸಿ. ನಾನು ಗೋಡೆಯ ಮೇಲಿಂದ ರೊಟ್ಟಿ ಹಾಕಿ ನೋಡಿದೆ. ಮೈಲಾರಿ ಮೂಸಲೂ ಇಲ್ಲ. ಓಣಿಯ ಕೋಳಿಗಳು ಬಂದು ತಿಂದವು. ನಾಯಿಗಳೆಂದರೆ ನನಗೂ ಅಷ್ಟಕ್ಕಷ್ಟೇ, ಆದರೂ ಊಟಕ್ಕೆ ಕುಳಿತಾಗ ಆ ಕಡೆಯಿಂದ ಸರಪಳಿಯ ಸದ್ದು ಕೇಳಿದರೆ ತುತ್ತು ಇಳಿಯುತ್ತಿರಲಿಲ್ಲ.

ಹಾಗಾದರೆ ಹೋಗಿ ಒಂದು ಮಾತು ಕೇಳಬಹುದಿತ್ತಲ್ಲ ಎಂದರೆ, ಕಷ್ಟ ಇರುವುದೇ ಅಲ್ಲಿ. ನಮ್ಮ ಓಣಿಗೆ ನಳದ ನೀರು ಯಾವಾಗ ಬರುತ್ತದೆ ಎಂದು ನೀರು ಬಿಡುವವನಿಗೂ ಗೊತ್ತಿಲ್ಲ. ಬಂದಾಗ ನಾನಂತೂ ಬಸ್ಸಿನಲ್ಲಿರುತ್ತೇನೆ. ದೊಡ್ಡಮ್ಮನೇ ತನ್ನ ನಳಕ್ಕೆ ಪೈಪು ಸಿಕ್ಕಿಸಿ, ಮೋಟುಗೋಡೆ ದಾಟಿಸಿ, ನನ್ನ ಡ್ರಮ್ ತುಂಬಿಸಿ ಮುಚ್ಚಳ ಹಾಕುತ್ತಾಳೆ. ನಾನು ಈ ಮನೆಗೆ ಬಂದಾಗಿನಿಂದ ಒಮ್ಮೆಯೂ ತಪ್ಪಿಸಿಲ್ಲ. ಅಂಥವಳ ಮೇಲೆ ನಾನು ದೂರು ಕೊಡುವುದೇ?

ಒಂದು ಬೆಳಿಗ್ಗೆ ಸಿಂಧನೂರಿನ ದಾರಿಯಲ್ಲಿ ಕುರಿಹಿಂಡು ಅಡ್ಡ ಬಂದು ಬಸ್ಸು ನಿಂತಿತು. ಹಿಂಡಿನ ಪಕ್ಕ ಒಂದು ನಾಯಿ ಬಾಲ ಎತ್ತಿಕೊಂಡು ಓಡುತ್ತಿತ್ತು, ಮೈ ಮಿರಮಿರ ಮಿಂಚುತ್ತಿತ್ತು. ನನ್ನ ಕಣ್ಣು ತುಂಬಿತು. ದಿನಾ ಅದೇ ಬಸ್ಸಿಗೆ ಬರುವ ಅಸದ್ ಮುಂದಿನ ಸೀಟಿನಲ್ಲಿದ್ದ. ಸಿಂಧನೂರಿನಲ್ಲಿ ದನಕರುಗಳ ಔಷಧಿ ಅಂಗಡಿಯಲ್ಲಿ ಕೆಲಸ. ಗಾಯಗೊಂಡ ಪ್ರಾಣಿಗಳನ್ನು ಗೆಳೆಯರ ಜೊತೆ ಸೇರಿ ಒಂದು ಹಳೆಯ ಶೆಡ್ಡಿನಲ್ಲಿ ಸಾಕುತ್ತಾನೆ. ಅವನಿಗೆ ಎಲ್ಲವನ್ನೂ ಹೇಳಿದೆ.

“ಹಿಂಗ ಕಟ್ಟಿ ಉಪವಾಸ ಕೆಡವೋದು ಕಾಯ್ದೆ ಪ್ರಕಾರ ತಪ್ಪೈತಿ ಅಕ್ಕಾ. ಒಂದು ಫೋಟೋ ಕಳಸ್ರಿ. ಠಾಣ್ಯಾಗ ತಿಳಿಸಿ, ನಾವ ಬಂದು ಒಯ್ತೀವಿ.”

“ನನ್ನ ಹೆಸರು ಬರ್ತದೇನಪಾ?”

“ಯಾರರ ಒಬ್ರು ಹೇಳಬೇಕಲ್ಲಕ್ಕಾ? ನಾಯಿ ತಾನ ಬಂದು ಹೇಳಂಗಿಲ್ಲ.”

ಅದೇನೋ ನಿಜವೇ. ಅಂದು ಸಂಜೆ ಗೋಡೆಯ ಮೇಲಿಂದ ಫೋಟೋ ತೆಗೆದೆ. ಮೈಲಾರಿ ತಲೆ ಎತ್ತಿ ಫೋನನ್ನು ನೋಡಿ ಮತ್ತೆ ತಲೆ ಇಳಿಸಿತು. ಫೋಟೋ ಕಳಿಸಲು ಮಾತ್ರ ಕೈ ಬರಲಿಲ್ಲ. ಠಾಣೆಯವರು ಬಂದು ಗಂಡ ಸತ್ತ ಮುದುಕಿಯನ್ನು ಗದರಿಸಿದರೆ? ಓಣಿಯ ಮಂದಿ ನನ್ನ ಮುಖಕ್ಕೆ ಉಗುಳುವುದಿಲ್ಲವೇ? ನೀರಿಗೇನು ಮಾಡುವುದು? ಕಳಿಸದಿದ್ದರೆ ನಾಯಿ ಸಾಯುತ್ತದೆ. ದಿನಾ ರಾತ್ರಿ ಇದನ್ನೇ ತಿರುವಿ ಹಾಕಿ, ಬೆಳಿಗ್ಗೆ ಮತ್ತೆ ಬ್ಯಾಗು ಹೆಗಲಿಗೇರಿಸಿ ಹೋಗುತ್ತಿದ್ದೆ. ಸುಸ್ತು ಒಂದು ನೆಪವಾಗಿತ್ತು, ಒಳ್ಳೆಯ ನೆಪ.

ನನ್ನ ರಜೆಯ ದಿನವೇ ನೀರು ಬಂತು. ದೊಡ್ಡಮ್ಮ ಎಂದಿನಂತೆ ಪೈಪನ್ನು ಗೋಡೆಯ ಮೇಲಿಂದ ಕೊಟ್ಟಳು. ಅವಳ ಕಾಲ ಬುಡದಲ್ಲೇ ಮೈಲಾರಿ ಮಲಗಿತ್ತು, ಏಳಲಿಲ್ಲ. ಇನ್ನು ಸುಮ್ಮನಿರಲು ನನ್ನಿಂದ ಆಗಲಿಲ್ಲ.

“ದೊಡ್ಡಮ್ಮಾ, ಮೈಲಾರಿ ಸಾಯಾಕತ್ತೈತಿ.”

“ಗೊತ್ತೈತಿ.”

“ಗೊತ್ತಿದ್ದೂ ಹಿಂಗ ಬಿಟ್ಟೀಯಲ್ಲ, ಒಂದು ರೊಟ್ಟಿ ಕೊಡಬಾರ್ದೇನು?”

“ಮನ್ಯಾಗ ರೊಟ್ಟಿಗೇನು ಬರ ಇಲ್ಲ. ಕೈ ಏಳಂಗಿಲ್ಲ ಯವ್ವಾ.”

ಪೈಪು ಹಿಡಿದುಕೊಂಡೇ ಹೇಳಿದಳು. ಹೊನ್ನೂರಪ್ಪ ಈ ನಾಯಿಯನ್ನು ಮರಿಯಿದ್ದಾಗಲೇ ಪಳಗಿಸಿದ್ದನಂತೆ. ಅವನು ಕಂಬಳಿ ಹೊದ್ದು ಮಲಗಿದರೆ ಯಾರನ್ನೂ ಹತ್ತಿರ ಬಿಡಬಾರದು, ಪರರ ಕೈಯಿಂದ ತಿನ್ನಬಾರದು. ಕುರಿ ಕದಿಯುವವರು ಮೊದಲು ನಾಯಿಗೆ ವಿಷ ಹಾಕುತ್ತಾರಲ್ಲ, ಅದಕ್ಕೆ. ಹೊನ್ನೂರಪ್ಪನಾಗಲಿ ದೊಡ್ಡಮ್ಮನಾಗಲಿ ‘ನಮ್ಮೋರು’ ಅಂದರೆ ಮಾತ್ರ ದಾರಿ ಬಿಡುತ್ತಿತ್ತು. ಬಳಗಾನೂರಿನಲ್ಲಿ ಆ ಬೆಳಗಿನ ಜಾವ ಅವನಿಗೆ ಎದೆ ಹಿಡಿದುಕೊಂಡು, ಕಂಬಳಿಯಲ್ಲೇ ಬಿದ್ದು ಮಾತು ಹೊರಡದೆ ನರಳುತ್ತಿದ್ದ. ಗದ್ದೆಗೆ ಬಂದವರು ನೋಡಿದರು. ಎತ್ತಲು ಹೋದವರನ್ನು ಮೈಲಾರಿ ಹತ್ತಿರ ಬಿಡಲಿಲ್ಲ.

“ಕಲ್ಲು ಒಗದ್ರು, ಕೋಲು ತೋರಿಸಿದ್ರು, ಸರೀಲಿಲ್ಲ. ಕಡೀಕ ಯಾರೋ ಮೀನು ಹಿಡಿಯೋ ಬಲಿ ತಂದು ಅದರ ಮ್ಯಾಲೆ ಹಾಕಿ ಅವನ್ನ ಎತ್ತಿಕೊಂಡು ಹೋದ್ರು. ದವಾಖಾನ್ಯಾಗ ಡಾಕ್ಟ್ರು, ಜರಾ ಮೊದಲ ತಂದಿದ್ರ ಅಂದ್ರು.” ದೊಡ್ಡಮ್ಮ ನಾಯಿಯ ಕಡೆ ನೋಡಲಿಲ್ಲ. “ಜರಾ ಮೊದಲ! ಆ ಜರಾ ಹೊತ್ತು ಇದು ಹಿಡಕೊಂಡು ನಿಂತಿತ್ತು.”

ಡ್ರಮ್ ತುಂಬಿ ನೀರು ಹೊರಗೆ ಹರಿಯುತ್ತಿತ್ತು. ಇಬ್ಬರೂ ನಳ ನಿಲ್ಲಿಸಲಿಲ್ಲ.

“ಹಂಗಾರ ಯಾರಿಗರ ಕೊಟ್ಟುಬಿಡು, ದೊಡ್ಡಮ್ಮಾ.”

“ಹ್ಯಾಂಗ ಕೊಡ್ಲಿ? ಮರಿ ತಂದ ದಿನ ಅದರ ಹಣಿಗೆ ಮೈಲಾರಲಿಂಗನ ಭಂಡಾರ ಹಚ್ಚೀವಿ. ಭಂಡಾರ ಹಚ್ಚಿದ ನಾಯೀನ್ನ ನಮ್ಮ ಮನ್ಯಾಗ ಕೊಡಂಗಿಲ್ಲ, ಹೊರಗ ಹಾಕಂಗಿಲ್ಲ. ಸರ್ಕಾರದೋರು ಬಂದು ಒಯ್ದ್ರ ಆ ಮಾತು ಬ್ಯಾರೆ.” ನನ್ನನ್ನೇ ದಿಟ್ಟಿಸಿದಳು. “ಅಂಗಳದಾಗ ಇಷ್ಟು ಜಾಗ ಬಿಟ್ಟು ನಿನ್ನ ಗೋಡಿಗೆ ಯಾಕ ಗೂಟ ಹೊಡ್ಸೀನಿ ಅಂತ ತಿಳ್ಕೊಂಡೀ? ನೌಕರಿ ಮಾಡಾಕಿ, ನಾಕು ಮಂದಿ ಗುರ್ತು ಇರ್ತದ, ನೋಡಿ ಯಾರಿಗರ ಹೇಳ್ತಾಳ ಅಂದ್ರ ನೀ ಫೋಟೋ ತಕ್ಕೊಂಡು ಒಳಗ ಹೋದಿ.”

ನನಗೆ ನಗುವೂ ಬಂತು, ಅಳುವೂ ಬಂತು. ನಾನು ಅವಳಿಗೆ ಹೆದರಿ, ಅವಳು ನನ್ನ ದಾರಿ ಕಾದು, ನಡುವೆ ಉಪವಾಸ ಬಿದ್ದದ್ದು ಆ ಮೂಕಪ್ರಾಣಿ. ಅಲ್ಲೇ ನಿಂತು ಅಸದ್‌ಗೆ ಫೋಟೋ ಕಳಿಸಿದೆ.

ಮಧ್ಯಾಹ್ನವೇ ಅಸದ್ ಇಬ್ಬರು ಗೆಳೆಯರ ಜೊತೆ ಟೆಂಪೋ ತಂದ. ಠಾಣೆಗೆ ಫೋನ್ ಮಾಡಿ ನನ್ನ ಹೆಸರು ಹೇಳಿ, ನಾಯಿಯನ್ನು ಒಯ್ಯಲು ಒಪ್ಪಿಗೆ ಪಡೆದಿದ್ದನಂತೆ. ದೊಡ್ಡಮ್ಮ ಗಂಡನ ಕಂಬಳಿ ಹೊದ್ದು ಹೊಸ್ತಿಲ ಮೇಲೆ ಕುಳಿತಿದ್ದಳು. ಅವರು ಅಂಗಳಕ್ಕೆ ಕಾಲಿಟ್ಟದ್ದೇ ತಡ, ಬೆಳಗಿನಿಂದ ಏಳದೆ ಬಿದ್ದಿದ್ದ ನಾಯಿ ಎದ್ದು ನಿಂತಿತು. ಕಾಲುಗಳು ನಡುಗುತ್ತಿದ್ದವು. ಸರಪಳಿ ಬಿಗಿಯುವಷ್ಟು ಮುಂದೆ ಬಂದು, ಬಂದವರಿಗೂ ಆ ಕಂಬಳಿಗೂ ನಡುವೆ ನಿಂತು ಹಲ್ಲು ತೋರಿಸಿ ಗುರುಗುಟ್ಟಿತು. ಉಪವಾಸ ಕೆಡವಿದವಳನ್ನೇ ಅದು ಕಾಯುತ್ತಿತ್ತು.

“ಅಕ್ಕಾ, ಇದು ಬಿಡಂಗ ಕಾಣವಲ್ದು,” ಎಂದ ಅಸದ್. “ಬಲಿ ತರಬೇಕು.”

ಬಲೆ ಎಂದ ಕೂಡಲೇ ದೊಡ್ಡಮ್ಮ ಎದ್ದಳು. “ಬಲಿ ಬ್ಯಾಡ್ರಿ.” ಮೆಲ್ಲಗೆ ನಡೆದು ಬಂದು ನಾಯಿಯ ತಲೆಯ ಮೇಲೆ ಕೈ ಇಟ್ಟಳು.

“ಬಿಡು ಮೈಲಾರಿ. ನಮ್ಮೋರು.”

ಮೈಲಾರಿ ಆ ಕ್ಷಣವೇ ಕುಳಿತುಬಿಟ್ಟಿತು. ಬಾಲ ಒಮ್ಮೆ ನೆಲಕ್ಕೆ ಬಡಿಯಿತು.

ದೊಡ್ಡಮ್ಮ ಅದರ ಪಕ್ಕದಲ್ಲೇ ಕುಸಿದಳು. “ಅವತ್ತ ಈ ಮಾತು ಹೇಳಾಕ ನಾ ಅಲ್ಲಿರಲಿಲ್ಲ ಗಂಗಾ. ಪ್ರತಿ ಸಲ ಜೋಡಿ ಹೋಗಾಕಿ, ಅದೊಂದು ಸಲ ಮೊಣಕಾಲ ನೋವು ಅಂತ ಮನ್ಯಾಗ ಉಳದೆ. ಅದರ ತಪ್ಪು ಅಲ್ಲ ಯವ್ವಾ. ಅದಕ್ಕ ಏನು ಹೇಳಿತ್ತೋ ಅದನ್ನ ಮಾಡೈತಿ.”

ನಾನು ಒಳಗೆ ಓಡಿ ರೊಟ್ಟಿ, ಹಾಲು ತಂದೆ. ಅವಳು ನೆನೆಸಿ ಕೈಯಿಂದ ಕೊಟ್ಟಳು. ಮೈಲಾರಿ ತಿಂದಿತು, ನಿಧಾನವಾಗಿ, ಬೆರಳ ಸಂದಿಯನ್ನೂ ಬಿಡದೆ ನೆಕ್ಕಿತು. ಅಸದ್ ಗಾಯ ನೋಡಿ, ಒಯ್ಯದೆ ಗತಿಯಿಲ್ಲ, ಸಲೈನ್ ಹಚ್ಚಲೇಬೇಕು ಎಂದ. ನಾನು ಸರಪಳಿ ಬಿಚ್ಚಿದೆ. ಹುಡುಗರು ಎತ್ತಿ ಟೆಂಪೋದಲ್ಲಿ ಮಲಗಿಸಿದರು.

ದೊಡ್ಡಮ್ಮ ಕಂಬಳಿ ಸರಿಮಾಡಿಕೊಂಡು ತಾನೂ ಟೆಂಪೋ ಹತ್ತತೊಡಗಿದಳು.

“ನೀ ಎಲ್ಲಿಗೆ ದೊಡ್ಡಮ್ಮಾ?”

“ಇದು ಬ್ಯಾರೇರ ಕೈಲಿ ಉಣ್ಣಂಗಿಲ್ಲಲ್ಲ! ಅರಾಮ ಆಗೂತನಕ ಅಲ್ಲೇ ಇರ್ತೀನಿ.” ನಾಯಿಯ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು ಕೂಗಿ ಹೇಳಿದಳು. “ನೀರು ಬಂದ್ರ ನನ್ನ ಡ್ರಮ್ ನೀ ತುಂಬಸು!”

ನಾಳೆಯಿಂದ ನನಗೆ ಡ್ಯೂಟಿ ಇದೆ ಎಂದು ಹೇಳಬೇಕೆನ್ನುವಷ್ಟರಲ್ಲಿ ಟೆಂಪೋ ಓಣಿ ದಾಟಿತ್ತು.