ಹೀರಾಬಾಯಿಯ ಕೈರೊಟ್ಟಿ

ಬೆಳಿಗ್ಗೆ ಒಂಬತ್ತಕ್ಕೆ ಕೂತರೆ ಮಧ್ಯಾಹ್ನ ಮೂರರವರೆಗೆ ಹೀರಾಬಾಯಿ ಒಲೆಯ ಮುಂದಿನಿಂದ ಏಳುತ್ತಿರಲಿಲ್ಲ. ಹೊಗೆಗೆ ಕಣ್ಣುಗಳು ಕೆಂಪಾಗಿರುತ್ತಿದ್ದವು. ಬೆರಳ ತುದಿ ಸುಟ್ಟು ಸುಟ್ಟು ಬಿಸಿಯೇ ತಾಕದಂತಾಗಿತ್ತು. ಮೀರಜದ ಆಸ್ಪತ್ರೆ ರಸ್ತೆಯಲ್ಲಿ, ಬಾಪೂಸಾಹೇಬರ ಖಾನಾವಳಿಯಲ್ಲಿ, ಹದಿನೆಂಟು ವರ್ಷ ಹೀಗೇ ರೊಟ್ಟಿ ಬಡಿದಳು. ಅಥಣಿ, ಜಮಖಂಡಿ ಕಡೆಯಿಂದ ರೋಗಿಗಳ ಜೊತೆ ಬಂದವರು ಯಾರನ್ನೂ ಕೇಳದೆ, ರೊಟ್ಟಿಯ ಸಪ್ಪಳ ಹಿಡಿದು ಒಳಗೆ ಬರುತ್ತಿದ್ದರು.

ಆಮೇಲೆ ಜನ ಫೋನು ನೋಡತೊಡಗಿದರು. ಖಾನಾವಳಿ ಫೋನಿನೊಳಗೆ ಇರಲಿಲ್ಲ. ಗಿರಾಕಿ ಬಾಗಿಲ ಮುಂದೆಯೇ ನಿಂತು ಊಟದ ಜಾಗ ಹುಡುಕಿ, ಮುಂದಕ್ಕೆ ಹೋಗುತ್ತಿದ್ದ.

ಪುಣೆಯಲ್ಲಿ ಮಾರ್ಕೆಟಿಂಗ್ ಕಲಿತಿದ್ದ ಬಾಪೂಸಾಹೇಬರ ಸೊಸೆ ಸಾಯಲಿ ಇದನ್ನು ಸರಿಪಡಿಸಿದಳು. ಈಗಿನವರು ಅನ್ನ ಹುಡುಕುವುದಿಲ್ಲ, ಅನ್ನದ ಹಿಂದಿನ ಕಥೆ ಹುಡುಕುತ್ತಾರೆ ಎಂದು ಮಾವನಿಗೆ ತಿಳಿಹೇಳಿದಳು. ಹೀರಾಬಾಯಿಗೆ ಹಸಿರು ಸೀರೆ ಉಡಿಸಿ ಒಲೆಯ ಮುಂದೆ ಫೋಟೊ ತೆಗೆದಳು. ‘ಹೀರಾಬಾಯಿಯ ಕೈರೊಟ್ಟಿ’ ಎಂಬ ಬೋರ್ಡು ಏರಿತು, ಫೋನಿನಲ್ಲೂ ಅದೇ ಹೆಸರು. ಎರಡು ತಿಂಗಳಲ್ಲಿ ಸಾಂಗ್ಲಿಯಿಂದ ಕಾರುಗಳು ಬಂದವು. ಮೀರಜದಲ್ಲಿ ರೊಟ್ಟಿ ಎಂದು ಯಾರೇ ಹುಡುಕಲಿ, ಮೊದಲು ಕಾಣುವುದು ಹೀರಾಬಾಯಿಯ ನಗುಮುಖ.

ಅಷ್ಟು ಮಂದಿಗೆ ಕೈ ಸಾಲಲಿಲ್ಲ. ಬಾಪೂಸಾಹೇಬರು ಯಂತ್ರ ತಂದರು. ಹೀರಾಬಾಯಿಯ ಜೊತೆ ರೊಟ್ಟಿ ಬಡಿಯುತ್ತಿದ್ದ ಅಲಕಾಳನ್ನು ಮನೆಗೆ ಕಳಿಸಿದರು. ಹೀರಾಬಾಯಿಯನ್ನು ಬಾಗಿಲ ಬಳಿ ಆರಿದ ಒಲೆಯ ಮುಂದೆ ಕೂರಿಸಿದರು. ಹಿಟ್ಟು ಮುಟ್ಟಬಾರದು, ಸೀರೆ ಕೊಳೆಯಾಗುತ್ತದೆ. ಫೋಟೊ ತೆಗೆಯುವವರು ಬಂದರೆ ನಗಬೇಕು. ಬೆರಳಿನ ಸುಟ್ಟಗಾಯ ಮಾಯ್ದದ್ದನ್ನು ತೋರಿಸಿ, ನಿನಗೂ ಲಾಭವೇ ಆಯಿತಲ್ಲ ಎಂದರು.

ಒಂದು ಮಧ್ಯಾಹ್ನ ಅಥಣಿಯ ಗುರಲಿಂಗ ತಾಟು ಹಿಡಿದುಕೊಂಡೇ ಅವಳ ಹತ್ತಿರ ಬಂದ. ಅವನ ಹೆಂಡತಿ ಹನ್ನೊಂದು ದಿನದಿಂದ ಆಸ್ಪತ್ರೆಯಲ್ಲಿದ್ದಳು. ಎರಡು ತುತ್ತು ರೊಟ್ಟಿ ಬೇಕೆಂದು ಅವತ್ತು ಮೊದಲ ಸಲ ಬಾಯಿಬಿಟ್ಟು ಕೇಳಿದ್ದಳು.

“ಮಾವಶಿ, ನಿಮ್ಮ ಫೋಟೊ ನೋಡಿ ಬಂದೇನ್ರಿ. ಖರೇ ಹೇಳ್ರಿ, ಇದು ನೀವ ಬಡದದ್ದೇನ್ರಿ?”

ಹೌದೆನ್ನಬೇಕೆಂದು ಅವಳಿಗೆ ಕಲಿಸಿದ್ದರು. ತಾಟಿನಲ್ಲಿದ್ದ ರೊಟ್ಟಿ ರಟ್ಟಿನಂತಿತ್ತು.

“ಅಲ್ಲಪಾ. ನಾ ಹಿಟ್ಟು ಮುಟ್ಟಿ ನಾಕ ತಿಂಗಳಾತು. ಮಶೀನ ಬಡೀತೈತಿ, ನಾ ನಗತೇನಿ.”

ಗುರಲಿಂಗ ಅದನ್ನೇ ಫೋನಿನಲ್ಲಿ ಬರೆದು, ಐದರಲ್ಲಿ ಒಂದೇ ಸ್ಟಾರ್ ಕೊಟ್ಟ. ಸಂಜೆಗೆ ಹೀರಾಬಾಯಿಯ ಕೆಲಸ ಹೋಯಿತು. ಅವಳು ಬೇರೇನೂ ಕೇಳಲಿಲ್ಲ, ಬೋರ್ಡಿನಿಂದ ತನ್ನ ಹೆಸರು ಇಳಿಸಿಕೊಡಿ ಎಂದಳು. ಹೆಸರು ಈಗ ದಂಧೆಯದು ಎಂದರು ಬಾಪೂಸಾಹೇಬರು.

ಹೀರಾಬಾಯಿ ಅಲಕಾಳನ್ನು ಕರೆದುಕೊಂಡು ಆಸ್ಪತ್ರೆಯ ಗೇಟಿನ ಬಳಿ ಒಲೆ ಹೂಡಿದಳು. ಫೋನು ಹಿಡಿದು ಬಂದವರು, ಹೀರಾಬಾಯಿಯ ರೊಟ್ಟಿ ಎಲ್ಲಿ ಸಿಗುತ್ತದೆ ಎಂದು ಅವಳನ್ನೇ ಕೇಳುತ್ತಿದ್ದರು. ನಾನೇ ಹೀರಾಬಾಯಿ ಎಂದರೆ, ಫೋನು ಇನ್ನೂ ಮುಂದೆ ತೋರಿಸುತ್ತಿದೆ ಎಂದು ನಕ್ಕು ನಡೆದುಬಿಡುತ್ತಿದ್ದರು.

ಮೂರು ದಿನ ನೋಡಿದಳು. ನಾಲ್ಕನೆಯ ದಿನ ಇಬ್ಬರೂ ಒಲೆ ಎತ್ತಿಕೊಂಡು ಹೋಗಿ, ಬೋರ್ಡಿನ ಕೆಳಗೇ ರಸ್ತೆಯಂಚಿಗಿಟ್ಟು ಉರಿ ಹಚ್ಚಿದರು. ತಲುಪಿದಿರಿ ಎಂದು ಗಿರಾಕಿಗಳ ಫೋನು ಹೇಳಿತು. ತಲೆಯೆತ್ತಿದರೆ ಫೋಟೊ. ತಗ್ಗಿಸಿದರೆ ಅದೇ ಮುಖ, ಹಿಟ್ಟು ಮೆತ್ತಿದ ಕೈ. ಒಳಗೆ ಯಾರೂ ಹೋಗಲಿಲ್ಲ.

ಬಾಪೂಸಾಹೇಬರು ಹೊರಗೆ ಬಂದು, ಏಳುತ್ತೀಯೋ ಪೊಲೀಸರನ್ನು ಕರೆಸಲೋ ಎಂದರು.

“ಕರಸ್ರಿ. ಹೀರಾಬಾಯಿ ಇಲ್ಲೇ ಅದಾಳಂತ ಊರಿಗೆಲ್ಲಾ ನೀವ ಸಾರೀರಿ. ಅದಕ್ಕ ಬಂದೇನಿ.”

ಅವರು ಬೋರ್ಡು ಇಳಿಸಲು ಏಣಿ ತರಿಸಿದರು. ಸಾಯಲಿ ಓಡಿಬಂದು ಏಣಿಯ ಕಾಲು ಹಿಡಿದಳು.

“ಬ್ಯಾಡ್ರಿ ಮಾವಾ. ಆ ಹೆಸರು ತಗದ್ರ ನಮ್ಮನ್ನ ಯಾರೂ ಹುಡುಕೂದಿಲ್ಲ.”

ಅಲಕಾ ಇನ್ನೊಂದು ಮುದ್ದೆ ಹಿಟ್ಟು ನಾದಿದಳು. ಗಿರಾಕಿಗಳ ಸಾಲು ಏಣಿಯನ್ನು ಸುತ್ತಿಕೊಂಡು ರಸ್ತೆಗುಂಟ ಬೆಳೆಯಿತು.